ನೆಲನೆಲ್ಲಿ ಪುಡಿ ಸಾಕು

ಪೋರೂರು, ಮದ್ರಾಸು
೧೨-೮-೨೦೦೧

ಚಿಕ್ಕಮ್ಮನಿಗೆ ವಿನೋದಾಳ ನಮಸ್ಕಾರ.

ನೆಲನೆಲ್ಲಿ ಪುಡಿಯ ಮೂರನೆಯ ಡಬ್ಬವೂ ಬಂತು. ದಯವಿಟ್ಟು ಇನ್ನು ಕಳಿಸಬೇಡಿ! ಅಪ್ಪಾಜಿಯದು ಬರೀ ಕಾಮಾಲೆಯಲ್ಲ, ಪಿತ್ತನಾಳದ ಕ್ಯಾನ್ಸರ್. ಗಡ್ಡೆ ಪಿತ್ತ ಇಳಿಯುವ ದಾರಿಯನ್ನೇ ಮುಚ್ಚಿದೆ, ಕಣ್ಣು ಹಳದಿಯಾಗಿರುವುದು ಅದಕ್ಕೇ ಎಂದು ಫೋನಿನಲ್ಲಿ ನಾಲ್ಕು ಸಲ ಹೇಳಿದೆ. ನೀವು, "ಡಾಕ್ಟರಿಗೇನ್ ಗೊತ್ತು? ಎಣ್ಣೆ ಮುಟ್ಟಿಸ್ಬೇಡ" ಅಂದಿರಿ. ಆಸ್ಪತ್ರೆಗೆ ಹೋಗುವ ಮೊದಲು ಎರಡು ತಿಂಗಳು ನಿಮ್ಮ ಮಾತು ಕೇಳಿ ಉಪ್ಪಿಲ್ಲದ ಗಂಜಿ ಕುಡಿಸಿದವಳು ನಾನೇ. ನನ್ನ ಮೇಲೂ ಸಿಟ್ಟಿದೆ.

ನಿನ್ನೆ ಡಾಕ್ಟರು, "ಇನ್ನು ಪಥ್ಯ ಬೇಡ, ಕೇಳಿದ್ದನ್ನೆಲ್ಲ ಕೊಡಿ" ಎಂದರು. ಅಪ್ಪಾಜಿ ಹಿಗ್ಗಿ, "ನೋಡಿದ್ಯಾ, ವಾಸಿಯಾಯ್ತು! ನಿಮ್ಮ ಚಿಕ್ಕಮ್ಮಂಗೆ ಕೋಡುಬಳೆ ಮಾಡೋಕೆ ಹೇಳು" ಅಂದರು.

ಪಾರ್ಸೆಲ್ ಮಾಡಬೇಡಿ. ಈ ವಾರವೇ ನೀವೇ ತನ್ನಿ.

ನಿಮ್ಮ
ವಿನೋದಾ