ಪಾದಕ್ಕೆ ಬಳಿದ ಅರಿಶಿನ

ಶಿಡ್ಲಘಟ್ಟ
೧೪ ಮಾರ್ಚ್ ೧೯೫೮

ತಮ್ಮ ಚಲಪತಿಗೆ ಆವುಲಪ್ಪನ ಆಶೀರ್ವಾದಗಳು.

ನಾವು ಕ್ಷೇಮ. ನಿನ್ನ ಕಾಗದ ಬಂದು ವಾರವಾಯಿತು. ಉತ್ತರ ಬರೆಯಲು ಕುಳಿತಾಗಲೆಲ್ಲ ಬೇರೇನೋ ಕೆಲಸ ಹುಡುಕಿಕೊಂಡು ಎದ್ದುಹೋದೆ, ಕ್ಷಮಿಸು. ಅಮ್ಮನ ಕೆಮ್ಮು ಇಳಿದಿದೆ. ಪೊಲೀಸ್ ಕೆಲಸ ಸಿಕ್ಕ ಮೇಲೆ ನೀನು ಮೈಕೈ ತುಂಬಿಕೊಂಡಿದ್ದೀಯ ಎಂದು ಸಿಕ್ಕವರಿಗೆಲ್ಲ ಹೇಳುತ್ತಾಳೆ. ನೀನು ಊಟ, ಸೆಕೆ, ಸೊಳ್ಳೆ ಎಲ್ಲ ಬರೆದಿದ್ದೀಯ. ಪಕ್ಕದ ಮನೆ ಗಂಗುಲಪ್ಪನ ಹೆಸರಿಲ್ಲ.

ರೇಷ್ಮೆಗೂಡು ಕದ್ದನೆಂದು ನಿಮ್ಮ ದಫೇದಾರರು ಕರೆದೊಯ್ದಾಗ ಅವನು ನಗುತ್ತಲೇ ಹೋದ. "ಅಳಬೇಡ ಕಣೇ. ಪಕ್ಕದ್ಮನೆ ಚಲಪತಿ ಅಲ್ಲೇ ಅವ್ನೆ. ಟೀ ಕುಡಿಸಿ ಕಳಿಸ್ತಾನೆ ನೋಡು" ಎಂದು ಹೆಂಡತಿ ಅಕ್ಕಯಮ್ಮನಿಗೆ ಹೇಳಿದ.

ಮರುದಿನ ಸಂಜೆ ವ್ಯಾನಿನಲ್ಲಿ ಹೆಣ ಬಂತು. ತಪ್ಪಿಸಿಕೊಂಡು ಓಡುವಾಗ ಬಾವಿಗೆ ಬಿದ್ದನಂತೆ. ದಫೇದಾರರು ಕೆಳಗಿಳಿಯದೆಯೇ, "ಸ್ನಾನ, ಶಾಸ್ತ್ರ ಎಲ್ಲಾ ನಾವೇ ಮಾಡ್ಸಿದೀವಮ್ಮ. ಬಿಚ್ಚೋದು ಗಿಚ್ಚೋದು ಬೇಡ, ಬೇಗ ಮಣ್ಣು ಮಾಡಿ" ಎಂದರು. ಪಾದಗಳಿಗೆ ಬಟ್ಟೆ ಸುತ್ತಿತ್ತು. ಅದರ ಮೇಲಕ್ಕೆ, ಕಾಲ್ಗಿಣ್ಣಿನವರೆಗೆ, ದಪ್ಪಗೆ ಅರಿಶಿನ.

ಅಕ್ಕಯಮ್ಮ ಅಳು ನಿಲ್ಲಿಸಿದಳು.

"ಕಾಲಿಗೆ ಅರಿಶಿನ ಬಳಿದು ಕಳಿಸೋಕೆ ನನ್ನ ಗಂಡ ಏನು ಮುತ್ತೈದೇನಪ್ಪ?"

ದಫೇದಾರರು ಡ್ರೈವರನ ಭುಜ ತಟ್ಟಿದರು. ವ್ಯಾನು ಹೋಯಿತು.

ಬಟ್ಟೆ ಬಿಚ್ಚಿದರೆ ಅಡಿಯಲ್ಲೂ ಅರಿಶಿನ. ನಾನೇ ಮತ್ತೆ ನೀರು ಹಾಕಿದೆ. ಅರಿಶಿನ ಕರಗಿದಂತೆ ಅಂಗಾಲುಗಳು ತೆರೆದುಕೊಂಡವು. ತೊಗಲಿರಲಿಲ್ಲ; ಹಿಮ್ಮಡಿಯಲ್ಲಿ ಮೂಳೆ ಕಾಣುತ್ತಿತ್ತು. ಕುದಿನೀರಿನಲ್ಲಿ ರೇಷ್ಮೆಯ ಎಳೆ ಹುಡುಕುತ್ತಿದ್ದ ಬೆರಳುಗಳನ್ನು ಹಿಂದಕ್ಕೆ ಮುರಿದಿದ್ದರು. ಬಾಯಿಂದ ಬಾವಿಯ ನೀರು ಬರಲಿಲ್ಲ, ಹಲ್ಲೊಂದು ಬಂತು. ಈ ಕಾಲುಗಳಲ್ಲಿ ಎಷ್ಟು ದೂರ ಓಡಬಹುದು ಎಂದು ಯೋಚಿಸುತ್ತ ನೀರು ಹೊಯ್ಯುತ್ತಿದ್ದೆ. ದುಃಖ ಬರಲಿಲ್ಲ. ಅದು ಕೂರಬೇಕಾದ ಜಾಗದಲ್ಲಿ ಈ ಪ್ರಶ್ನೆ ಕೂತಿತ್ತು.

ಡಾಕ್ಟರು ಬಂದು ನೋಡುವವರೆಗೂ ಅಕ್ಕಯಮ್ಮ ಹೆಣ ಎತ್ತಲು ಬಿಡದೆ ಬಾಗಿಲಿಗೆ ಅಡ್ಡ ಕೂತಳು. ಹಾಗಾಗಿ ಸೋಮವಾರ ಪ್ರವಾಸಿ ಬಂಗಲೆಯಲ್ಲಿ ಮ್ಯಾಜಿಸ್ಟ್ರೇಟರ ವಿಚಾರಣೆ. ನಿಮ್ಮ ಠಾಣೆಯವರೆಲ್ಲ ಬಾವಿಯ ಕಥೆಯನ್ನೇ ಹೇಳುತ್ತಾರಂತೆ. ನಿನ್ನನ್ನೂ ಕರೆದಿದ್ದಾರೆ. "ನನ್ನ ಮಗ ಅವತ್ತು ರಜದಾಗಿದ್ದ" ಎಂದು ಅಮ್ಮ ಬೀದಿಯವರಿಗೆಲ್ಲ ಹೇಳುತ್ತಿದ್ದಾಳೆ.

ದೇವರು ನಿನಗೆ ಆಯುಸ್ಸಿನ ಜೊತೆಗೆ ಮಾತನ್ನೂ ಕೊಡಲಿ.

ನಿನ್ನ ಅಣ್ಣ,
ಆವುಲಪ್ಪ

ಇನ್ನೊಂದು ಮಾತು: ಅವನ ಪಾದಕ್ಕೆ ಸುತ್ತಿದ್ದುದು ನಿನ್ನ ಟವಲು, ಅಮ್ಮ ನೀಲಿ ದಾರದಲ್ಲಿ ಅಂಚು ಹೊಲಿದುಕೊಟ್ಟದ್ದು. ಮರುಕದಿಂದ ಸುತ್ತಿದೆಯೋ, ಮುಚ್ಚಿಡಲು ಸುತ್ತಿದೆಯೋ ನಿನಗೇ ಗೊತ್ತು. ಅಮ್ಮ ನೋಡುವ ಮೊದಲು ಬಿಚ್ಚಿ ಎತ್ತಿಟ್ಟೆ. ಒಗೆದಿಲ್ಲ. ಸೋಮವಾರ ಚೀಲದಲ್ಲಿ ತರುತ್ತೇನೆ. ನಾನು ಚೀಲ ಬಿಚ್ಚುವ ಮೊದಲು ನೀನು ಬಾಯಿ ಬಿಡು.