ತಿಂಡಿ ತಿಂದು ಮಲಗಿದ್ದಾರೆ

ಅಣ್ಣನಿಗೆ,

ಮೆಸೇಜ್ ಮಾಡಿದರೆ ಇದೂ ಚಾಟ್‌ಬಾಟ್ ಬರೆದದ್ದೇ ಅಂದುಕೊಳ್ಳುತ್ತೀಯ. ಅದಕ್ಕೇ ಕಾಗದ.

ಅಮ್ಮ ಹಾಸಿಗೆ ಹಿಡಿದಾಗ ದಿನಾ ಹದಿನಾಲ್ಕು ಜನ "ಹೇಗಿದ್ದಾರೆ?" ಎಂದು ಕೇಳುತ್ತಿದ್ದರು. ಬೆಡ್‌ಪ್ಯಾನ್ ತೊಳೆಯಲೋ, ಅವರಿಗೆಲ್ಲ ಉತ್ತರ ಕೊಡಲೋ? ಫೋನಿನಲ್ಲಿ ಚಾಟ್‌ಬಾಟ್ ಹಾಕಿಸಿದೆ. ಬೆಳಿಗ್ಗೆ ನಾನು ಬರೆದಿಟ್ಟ ಉತ್ತರವನ್ನೇ ಅದು ದಿನವಿಡೀ ಎಲ್ಲರಿಗೂ ಕಳಿಸುತ್ತಿತ್ತು.

ಅಮ್ಮ ತೀರಿಕೊಂಡ ಮಧ್ಯಾಹ್ನ ನೀನು ಕೇಳಿದಾಗಲೂ "ತಿಂಡಿ ತಿಂದು ಮಲಗಿದ್ದಾರೆ" ಎಂದೇ ಬಂತು. ಬದಲಿಸಲು ನನಗೆ ತೋಚಲಿಲ್ಲ. ಸುದ್ದಿ ತಿಳಿದು ಬಂದ ನೀನು "ಇನ್ನು ನಿನ್ನ ಮುಖ ನೋಡಲ್ಲ" ಎಂದು ಹೊರಟುಹೋದೆ. ಸರಿ. ನಿನ್ನ ಕೊಡೆ ಇಲ್ಲೇ ಉಳಿದಿದೆ.

ಈಗ ಬೇರೆ ಯಾರೂ ಕೇಳುವುದಿಲ್ಲ. ನಿನ್ನ ನಂಬರಿನಿಂದ ಮಾತ್ರ ದಿನಾ ಬೆಳಿಗ್ಗೆ ಎಂಟಕ್ಕೆ "ಅಮ್ಮ ಹೇಗಿದ್ದಾಳೆ?" ಎಂದು ಬರುತ್ತದೆ.

ಉತ್ತರ ಬದಲಿಸಿಲ್ಲ. ನೀನು ಹೇಳುವವರೆಗೆ ಬದಲಿಸುವುದೂ ಇಲ್ಲ.

ನಿನ್ನ ತಂಗಿ