ಕನ್ನಡದಲ್ಲಿ ಫೋನ್ ಬಂದರೆ

ವಚನಾ,

ನಿಧಾನವಾಗಿ ಅಕ್ಷರ ಕೂಡಿಸಿಕೊಂಡು ಓದು. ಇದನ್ನು ಹಿಂದಿಯಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ಗಲ್ಲಿಯವರ ಸಭೆಗೆ ಹೋಗಿದ್ದೇನೆ. ಫೋನಿನಲ್ಲಿ ಆಧಾರ್ ನಂಬರು, ಓಟಿಪಿ ಎಲ್ಲ ಕೊಟ್ಟು ಹೇಗೆ ಮೋಸಹೋದೆ ಎಂದು ನಾನೇ ಎದ್ದು ನಿಂತು ಹೇಳಬೇಕಂತೆ. ಉಳಿದವರಾದರೂ ಹುಷಾರಾಗಲಿ ಅಂತ. ನನ್ನ ಹೆಸರಿನಲ್ಲಿ ಯಾರೋ ನಾಲ್ಕು ಸಿಮ್ ತೆಗೆದುಕೊಂಡ ಸುದ್ದಿ ಜಂಗಮವಾಡಿಯ ಗಲ್ಲಿಗಳಲ್ಲೆಲ್ಲ ಹಬ್ಬಿದೆ, ಇನ್ನೆಂಥ ನಾಚಿಕೆ.

ಸಾರು ಬಿಸಿ ಮಾಡಿಕೋ. ಮಾಳಿಗೆಯ ಬಾಗಿಲು ಹಾಕು, ಕೋತಿಗಳು ಬರುತ್ತವೆ. ನಿನ್ನ ಆಧಾರ್ ಪ್ರತಿಯನ್ನು ಜೆರಾಕ್ಸ್ ಅಂಗಡಿಯಲ್ಲಿ ಮರೆತು ಬಂದಿದ್ದೀಯಲ್ಲ, ಹೋಗಿ ತೆಗೆದುಕೊಂಡು ಬಾ. ಆಮೇಲೆ ನನಗೆ ಬುದ್ಧಿ ಹೇಳು.

ಗುರುತಿಲ್ಲದವನಿಗೆ ಯಾಕೆ ಕೊಟ್ಟೆ ಎಂದು ನೀನು ನಿನ್ನೆ ನನ್ನನ್ನು ಹಿಂದಿಯಲ್ಲೇ ಬೈದೆ. ಅವನು ಮೊದಲು ಆಧಾರ್ ಕೇಳಲಿಲ್ಲ. "ಅಕ್ಕಾರ, ಊಟಾ ಆತೇನ್ರೀ?" ಅಂದ. ಗದಗ ಬಿಟ್ಟು ಈ ಹಿಂದಿಯವರ ಊರಿಗೆ ಬಂದಮೇಲೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಸಭೆಯಲ್ಲಿ ಇದೊಂದನ್ನು ಹೇಳುವುದಿಲ್ಲ.

ನನ್ನ ಫೋನ್ ಇಲ್ಲೇ ಬಿಟ್ಟಿದ್ದೇನೆ, ಇನ್ನು ನಿನ್ನ ಹತ್ತಿರವೇ ಇರಲಿ. ಹೊಸ ನಂಬರಿನಿಂದ ಯಾರಾದರೂ ಕನ್ನಡದಲ್ಲಿ ಮಾತಾಡಿದರೆ ಕೂಡಲೇ ಕಟ್ ಮಾಡು.

ನನ್ನ ಕೈಲಿ ಆಗುವುದಿಲ್ಲ.

ಅವ್ವ